ಹಳ್ಳದ ಪಾಲಿನ ಜಾಗ

ಹಳ್ಳ ಉಕ್ಕಿದರೆ ನೀರು ಎಲ್ಲಿಯವರೆಗೆ ಬರುತ್ತದೆ, ಎಲ್ಲಿ ಕಟ್ಟಡ ಕಟ್ಟಬಾರದು ಎಂದು ನಕ್ಷೆಯ ಮೇಲೆ ಗೆರೆ ಎಳೆಯುವುದು ಮರ್ಲಾ ಥಿಬೊಳ ಕೆಲಸ. ಅಮೆರಿಕದ ವರ್ಮಾಂಟ್ ರಾಜ್ಯದ ಎಷ್ಟೋ ಊರುಗಳಿಗೆ ಎಳೆದುಕೊಟ್ಟಿದ್ದಳು. ಹುಟ್ಟೂರಾದ ಕಾರ್ವರಿನ ಆಲ್ಡರ್ ಹಳ್ಳದ ಸರದಿ ಬಂದಾಗ ಮಾತ್ರ ಅವಳ ಕೈ ತಡೆಯಿತು. ಗೆರೆ ಗಾಸ್ ಮನೆತನದ, ಗಾಲಿಬೂಟು ತೊಟ್ಟು ಜಾರುವ ಸ್ಕೇಟಿಂಗ್ ರಿಂಕನ್ನು ಇಡಿಯಾಗಿ ನುಂಗಿತ್ತು.

ಆ ರಿಂಕಿನ ಮೇಪಲ್ ಹಲಗೆಗಳ ಮೇಲೆಯೇ ಅವಳ ಹರೆಯ ಕಳೆದದ್ದು. ಶನಿವಾರ ಸಂಜೆಯಾದರೆ ಸಾಕು, ಚಕ್ರಗಳ ಗುಡುಗು, ಬೆಣ್ಣೆ ಸುರಿದ ಪಾಪ್‌ಕಾರ್ನಿನ ಘಮ, ಒದ್ದೆ ಕಾಲ್ಚೀಲದ ನಾತ. ಮಾಲೀಕರ ಮಗ ಲೀಲಂಡ್ ಅವಳ ಎರಡೂ ಕೈ ಹಿಡಿದು ಹಿಂದುಹಿಂದಕ್ಕೆ ಜಾರುತ್ತ, "ನೆಲ ನೋಡ್ಬೇಡ, ನನ್ನ ಮುಖ ನೋಡು" ಎನ್ನುತ್ತಿದ್ದ. ಅವಳು ನೋಡಿದ್ದೇ ನೋಡಿದ್ದು. ಆಮೇಲೆ ಅವಳು ಓದಲು ಊರು ಬಿಟ್ಟಳು, ಅವನು ಜೋನಿ ಎಂಬವಳನ್ನು ಮದುವೆಯಾದ. ಯಾರಿಗೂ ಯಾರ ಮೇಲೂ ಮುನಿಸಿರಲಿಲ್ಲ.

ಈಗ ರಿಂಕ್ ಲೀಲಂಡನದು. ಅದನ್ನು ದೊಡ್ಡದು ಮಾಡಿ, ಹಳ್ಳದ ಬದಿಗೆ ಕಲ್ಲಿನ ಗೋಡೆ ಎಬ್ಬಿಸಬೇಕೆಂದಿದ್ದ. ಊರಿನ ಸಭೆಯಲ್ಲಿ ಮರ್ಲಾ ನಕ್ಷೆ ಬಿಚ್ಚಿದ್ದೇ ಅವನು ಎದ್ದು ನಿಂತ.

"ನೋಡ್ರಪ್ಪಾ, ನಮ್ಮೂರ ಹುಡುಗೀನೇ ನನ್ನ ಬುಡಕ್ಕೆ ನೀರು ತಂದಿಟ್ಳು!"

ಜನ ನಕ್ಕರು. ಮರ್ಲಾ ನಗಲಿಲ್ಲ.

"ಗೋಡೆ ಕಟ್ಟಿದ್ರೆ ನೀನೇನೋ ಉಳ್ಕೋತೀಯ, ಲೀಲಂಡ್. ಆ ನೀರು ಸುಮ್ನಿರತ್ತಾ? ಅಷ್ಟೂ ಹೋಗಿ ಕೆಳಗಿನ ಕೇರಿಗೆ ನುಗ್ಗತ್ತೆ."

ಕೆಳಗಿನ ಕೇರಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಲೀಲಂಡ್ ಟೋಪಿ ಎತ್ತಿಕೊಂಡು ಹೊರಟುಹೋದ.

ಮರುದಿನ ಬೆಳಿಗ್ಗೆ ಅವಳು ದಡದಲ್ಲಿ ಅಳತೆ ಮಾಡುತ್ತಿದ್ದಾಗ ಅವನೇ ಎರಡು ಲೋಟ ಕಾಫಿ ಹಿಡಿದು ಬಂದ. ಇಬ್ಬರೂ ದಡದ ಗುಂಟ ನಡೆದರು.

"ನಾವು ಹೈಸ್ಕೂಲಲ್ಲಿದ್ದಾಗ ಬಂತಲ್ಲ ನೆರೆ, ನೆನಪಿದ್ಯಾ?" ಎಂದ.

"ಮರೆಯೋದುಂಟಾ! ರಿಂಕ್ ಒಳಗೇ ದೋಣಿ ಬಿಟ್ವಲ್ಲೋ. ಸ್ಕೇಟ್ ಇಡೋ ಕಪಾಟಲ್ಲಿ ಮೀನು ಸಿಕ್ಕಿತ್ತು."

"ನೀನು ಅದಕ್ಕೆ ನಮ್ಮ ಹೆಡ್‌ಮಾಸ್ಟ್ರ ಹೆಸರಿಟ್ಟಿದ್ದೆ."

ನಕ್ಕು ನಕ್ಕು ಅವಳ ಕಣ್ಣಲ್ಲಿ ನೀರು ಬಂತು. ಅವನೂ ನಕ್ಕ; ನಗು ಬೇಗ ಆರಿತು.

"ನೀರಿಳಿದ ಮೇಲೆ ಅಮ್ಮ ಮಂಡಿಯೂರಿ ಒಂದೊಂದೇ ಹಲಗೆ ಉಜ್ಜಿದ್ಲು ಕಣೆ. ಆ ಮಂಡಿ ಆಮೇಲೆ ಸರಿಹೋಗ್ಲೇ ಇಲ್ಲ. ನಮಗೆ ಚೆಲ್ಲಾಟ, ಅವಳಿಗೆ ಪ್ರಾಣಸಂಕಟ." ಹಳ್ಳದ ಕಡೆ ತಿರುಗಿದ. "ಕೆಳಗಿನ ಕೇರಿ ವಿಷ್ಯ... ನಿಜವಾಗ್ಲೂನಾ?"

"ನಿಜ."

"ಹೂಂ. ಸುಳ್ಳು ಹೇಳೋಕೆ ನಿನಗೆ ಆವಾಗ್ಲೂ ಬರ್ತಿರ್ಲಿಲ್ಲ."

ಬೇಸಿಗೆ ಮುಗಿಯುವುದರೊಳಗೆ ಅವನು ಜಾಗವನ್ನು ಊರಿನ ಆಡಳಿತಕ್ಕೆ ಮಾರಿದ; ರಿಂಕ್ ಕೆಡಹಿ ಹಳ್ಳಕ್ಕೆ ಬಯಲು ಬಿಡುವುದೆಂದಾಯಿತು. ಕೆಡಹುವ ಮುಂಚಿನ ಶನಿವಾರ ರಿಂಕ್ ಕಡೆಯ ಬಾರಿಗೆ ತೆರೆಯಿತು. ಅಜ್ಜಿಯರು ಮೊಮ್ಮಕ್ಕಳ ಕೈ ಹಿಡಿದು ಬಂದರು, ಸ್ಕೇಟ್ ಸಾಲದೆ ಕೆಲವರು ಬರಿಗಾಲಲ್ಲೇ ಸುತ್ತು ಹಾಕಿದರು. ಕಂಬಿಗೆ ಅಂಟಿಕೊಂಡು ನಿಂತಿದ್ದ ಮರ್ಲಾಳನ್ನು ಜೋನಿ ಬೆನ್ನು ಹಿಡಿದು ತಳ್ಳಿದಳು.

"ಹೋಗೇ ಮಾರಾಯ್ತಿ, ಒಂದು ಸುತ್ತಿಗೆ ನನ್ನ ಗಂಡನ್ನ ಕಡ ಕೊಟ್ಟಿದೀನಿ. ಮುರೀದೆ ವಾಪಸ್ ತಂದ್ಕೊಡು!"

ಲೀಲಂಡ್ ಕೈ ಚಾಚಿದ. ಇಬ್ಬರ ತಲೆಯೂ ನರೆತಿತ್ತು, ಮೊದಲ ತಿರುವಿನಲ್ಲೇ ಇಬ್ಬರೂ ಮುಗ್ಗರಿಸಿದರು. ಆದರೂ ಹಾಡು ಮುಗಿಯುವವರೆಗೆ ಯಾರೂ ಕೈ ಬಿಡಲಿಲ್ಲ.

ಮುಂದಿನ ವಸಂತದಲ್ಲಿ ಹಿಮ ಕರಗುವ ಹೊತ್ತಿಗೇ ಮಳೆಯೂ ಹಿಡಿಯಿತು. ಆಲ್ಡರ್ ಹಳ್ಳ ದಡ ಮೀರಿ ಆ ಬಯಲಿಗೆ ನುಗ್ಗಿತು. ಅಲ್ಲಿ ತಡೆಯೇನೂ ಇರಲಿಲ್ಲವಾಗಿ ಹರಡಿಕೊಂಡು, ಆವೇಶ ಕಳೆದುಕೊಂಡು, ಕೆಸರು ಇಳಿಸಿ ಮೆಲ್ಲಗೆ ಮುಂದೆ ಸಾಗಿತು. ಮರ್ಲಾ ಕಾರು ನಿಲ್ಲಿಸಿ ಇಳಿದಾಗ ಲೀಲಂಡ್ ರಬ್ಬರ್ ಬೂಟು ತೊಟ್ಟು ದಿಬ್ಬದ ಮೇಲೆ ನಿಂತಿದ್ದ. ರಿಂಕ್ ಇದ್ದಲ್ಲಿ ಕಾಡುಬಾತುಗಳು ಸುತ್ತುತ್ತಿದ್ದವು.

"ಟಿಕೆಟ್ ತಗೊಳ್ದೆ ನುಗ್ಗಿವೆ ನೋಡು," ಎಂದ.

ಮರ್ಲಾ ನಗುತ್ತ ಅವನ ಪಕ್ಕ ಬಂದು ನಿಂತಳು. ಕೆಳಗಿನ ಕೇರಿಯಲ್ಲಿ ಯಾರೋ ಬಾಗಿಲು ತೆರೆದು ನಾಯಿಯನ್ನು ನೀರು ನುಗ್ಗದ ಅಂಗಳಕ್ಕೆ ಬಿಟ್ಟರು.