ನಾನೇ ತುಂಬಿದ ಹೈಡ್ರೋಜನ್

ಮುದುಕನಿಗೆ ಮರೆವು ಅಂತ ಹೋದ ಸಲ ಗ್ರೂಪಲ್ಲಿ ಯಾರೋ ಹಲ್ಲು ಕಿಸಿದ್ರಲ್ಲ, ಬಾಯಿ ಮುಚ್ಕೊಂಡು ಈ ವಾಯ್ಸ್ ಮೆಸೇಜ್ ಕೇಳಿ. ನಿಮ್ಮ ಹೆಂಡತಿ ಫೋನ್ ನಂಬರ್ ನಿಮಗೆ ಬಾಯಿಗೆ ಬರಲ್ಲ. ನನಗೆ ಆ ಗಾಜಿನ ಪ್ಲೇಟಿನ ಯಾವ ಮೂಲೆ ಒಡೆದಿತ್ತು ಅನ್ನೋದೂ ನೆನಪಿದೆ.

ನಾನು ಆಗ ವೀಕ್ಷಣಾಲಯದಲ್ಲಿ ಅಳತೆಯವನು. ನಕ್ಷತ್ರದ ಬೆಳಕನ್ನ ಬಣ್ಣಬಣ್ಣವಾಗಿ ಬಿಡಿಸಿ, ಫೋಟೋ ತೆಗೆಯೋ ಗಾಜಿನ ಪ್ಲೇಟಿನ ಮೇಲೆ ಇಳಿಸಿರ್ತಾರೆ. ಅದರಲ್ಲಿರೋ ಗೆರೆಗಳನ್ನ ಸೂಕ್ಷ್ಮದರ್ಶಕದಲ್ಲಿ ನೋಡಿ ಅಳೆದು ಬರೆಯೋದು. ಯಾವ ವಸ್ತುವಿನ ಗೆರೆ ಇದೆಯೋ ಅದು ನಕ್ಷತ್ರದಲ್ಲಿದೆ ಅಂತ ಅರ್ಥ. ಹಾಳೆಯಲ್ಲಿ ಮೊದಲ ಖಾನೆ ಹೈಡ್ರೋಜನ್ನಿಂದು. ಅದಿಲ್ಲದ ನಕ್ಷತ್ರ ಇರತ್ತೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಗೆರೆ ಕಾಣಿಸದಿದ್ರೆ, ಎಲ್ಲಿರಬೇಕೋ ಅಲ್ಲಿನ ಅಂಕಿ ಬಾಯಿಪಾಠದಿಂದ ತುಂಬಿಬಿಡ್ತಿದ್ದೆ.

ಒಂದು ದಿನ ಬೆಳಿಗ್ಗೆ ಆ ಮೂಲೆ ಒಡೆದ ಪ್ಲೇಟ್ ಬಂತು, ಒಂದು ಗ್ರಹ ನೀಹಾರಿಕೆಯದು. ಸಾಯೋ ನಕ್ಷತ್ರ ಮೈಮೇಲಿನ ಅನಿಲ ಎಲ್ಲ ಊದಿ ಬಿಟ್ಟು, ನಡುವೆ ಬಿಸಿ ತಿರುಳು ಮಾತ್ರ ಉಳಿದಿರತ್ತಲ್ಲ, ಅದು. ತಿರುಳಿನ ಬೆಳಕಲ್ಲಿ ಹೈಡ್ರೋಜನ್ ಗೆರೆ ಇಲ್ಲ. ಪ್ಲೇಟ್ ತೊಳೆಯೋವಾಗ ಹಾಳಾಗಿರಬೇಕು ಅಂತ ಅಂಕಿ ತುಂಬಿ ಹಾಳೆಯನ್ನ ನಮ್ಮ ಮುಖ್ಯಸ್ಥೆ ಮೇಡಂ ಮೇಜಿನ ಮೇಲಿಟ್ಟೆ.

ಮಧ್ಯಾಹ್ನ ಊಟದ ಡಬ್ಬಿ ಬಿಚ್ಚದೆ ಪ್ಲೇಟನ್ನ ಮತ್ತೆ ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಹೀಲಿಯಂ, ಕಾರ್ಬನ್ ಗೆರೆಗಳು ಕೆತ್ತಿದ ಹಾಗೆ ಇದ್ವು. ಹಾಳಾಗಿದ್ರೆ ಅವೂ ಹಾಳಾಗ್ಬೇಕಿತ್ತಲ್ಲ? ನನಗಿಂತ ಮುಂಚಿನವನನ್ನ ಸುಳ್ಳು ಅಂಕಿ ಬರೆದಿದ್ದಕ್ಕೇ ಕೆಲಸ ಬಿಡಿಸಿ ಮನೆಗೆ ಕಳಿಸಿದ್ರು. ನನ್ನ ಮನೇಲಿ ಬಾಣಂತಿ ಹೆಂಡತಿ, ದುಡಿಯೋನು ನಾನೊಬ್ಬ.

ಪ್ಲೇಟ್ ಹಿಡ್ಕೊಂಡು ಮೇಡಂ ಕೋಣೆ ಬಾಗಿಲಲ್ಲಿ ನಿಂತೆ.

"ಮೇಡಂ, ಮೊದಲ ಖಾನೆ ನಾನು ನೋಡಿ ಬರೆದಿದ್ದಲ್ಲ."

ಅವರು ಪ್ಲೇಟನ್ನ ತಾವೇ ನೋಡಿದ್ರು.

"ಇದು ಸತ್ತು ಎದ್ದಿರೋದು" ಅಂದ್ರು. "ಆರಿಹೋಗ್ತಿರೋವಾಗ ಒಳಗಿನ ಹೀಲಿಯಂ ಇನ್ನೊಂದು ಸಲ ಭಗ್ಗಂತ ಹತ್ಕೊಂಡಿದೆ. ಮೇಲೆ ಉಳಿದಿದ್ದ ಚೂರುಪಾರು ಹೈಡ್ರೋಜನ್ನನ್ನ ಒಳಗೆ ಎಳ್ಕೊಂಡು ಸುಟ್ಟುಬಿಟ್ಟಿದೆ. ಒಳಗಿನದು ಮೇಲೆ ಬಂದಿದೆ. ನನ್ನ ಊಹೆ ಅದು."

ನಾನು ಉಸಿರು ಬಿಡೋಷ್ಟರಲ್ಲಿ ಕನ್ನಡಕ ತೆಗೆದ್ರು.

"ಇನ್ನೆಷ್ಟು ಪ್ಲೇಟಲ್ಲಿ ಹೀಗೆ ತುಂಬಿದೀಯ?"

ಆಗ ಬಂತು ನೋಡಿ ನಿಜವಾದ ಭಯ.

"ಗೊತ್ತಿಲ್ಲ ಮೇಡಂ."

"ನೀನು ಬಂದಾಗಿನಿಂದ ಆರು ವರ್ಷದ್ದೂ ಮತ್ತೆ ಅಳೆದು ತಗೊಂಬಾ. ಅಲ್ಲಿವರೆಗೂ ನಿನ್ನ ಕೆಲಸ ಇದೆ. ಆಮೇಲಿಂದು ಆಮೇಲೆ."

ಎಂಟು ತಿಂಗಳು ಅಳೆದೆ. ಅಂಥವು ಇನ್ನೂ ಮೂರು ಸಿಕ್ಕವು. ಮೂರಕ್ಕೂ ನಾನೇ ಹೈಡ್ರೋಜನ್ ತೊಡಿಸಿದ್ದೆ. ಬಚ್ಚಿಡಬಹುದಿತ್ತು. ಮೂರೂ ಹಾಳೆ ಅವರ ಮುಂದಿಟ್ಟು ತಲೆ ತಗ್ಗಿಸಿ ನಿಂತೆ. ಒಂದೊಂದೇ ಓದಿ, ಆ ವಾರ ಬಂದ ಹೊಸ ಪ್ಲೇಟುಗಳ ಪೆಟ್ಟಿಗೆಯನ್ನ ನನ್ನ ಕಡೆ ತಳ್ಳಿದ್ರು. ನಾನು ಅಳೆಯೋಕೆ ಕೂತೆ.

ನಿಮಗೆ ಗೊತ್ತಿರೋರಲ್ಲಿ ಅಳೆಯೋ ಕೆಲಸದವರು ಯಾರೇ ಇದ್ರೂ ಇದನ್ನ ಕಳಿಸಿ. ಪೂರ್ತಿ ಕಳಿಸಿ. ನಾನು ಸುಳ್ಳು ಬರೆದ ಭಾಗ ಕತ್ತರಿಸಬೇಡಿ.