ಎರಡು ಪಾತ್ರೆಯ ನೀಲಿ

“ತಲೆಯಲ್ಲಿ ಮೆದುಳಿದೆಯೋ ಮಣ್ಣಿದೆಯೋ ನಿಂಗೆ? ಕಟ್ಟಿಟ್ಟ ಹಾಸಿಗೆ ಮೇಲೆ ನೀಲಿ ನೀರು ಸುರಿಸಿದ್ದೀಯಲ್ಲ!”

“ಬಾಲ್ಕನೀಲಿ ಇಡಿ ಅಂತ ನಾನು ಹೇಳಿದ್ನಾ? ಲಾರಿ ಬರೋದು ಮಧ್ಯಾಹ್ನ. ಬೆಳಿಗ್ಗೇನೇ ಹೊರಗಿಟ್ಟು ನನ್ನ ಮೇಲೆ ಕೂಗಾಡ್ತೀರಲ್ಲ!”

ಕೆಳಮನೆಯ ಮುದುಕನೂ ಮೇಲ್ಮನೆಯ ಟೇಲರಮ್ಮನೂ ಹನ್ನೊಂದು ವರ್ಷ ಮಾತಾಡಿದ್ದೇ ಹೀಗೆ. ಅವಳ ಹೊಲಿಗೆ ಯಂತ್ರದ ಸದ್ದು ಅವನಿಗಾಗದು, ಅವನ ಕೆಮ್ಮು ಅವಳಿಗಾಗದು. ಅಂದು ಅವನು ಮನೆ ಖಾಲಿ ಮಾಡಿ ದೂರದೂರಿನ ತಂಗಿಯ ಮನೆಗೆ ಹೊರಟಿದ್ದ. ಪೀಡೆ ತೊಲಗಿತು ಎಂದು ಅವಳೂ ಅಂದುಕೊಂಡಿದ್ದಳು.

ಅವಳ ಬಾಗಿಲಲ್ಲೇ ನಿಂತು ಬೈಯುತ್ತಿದ್ದವನು ಒಲೆ ನೋಡಿ ಒಳಕ್ಕೇ ನುಗ್ಗಿದ. ದೊಡ್ಡ ಪಾತ್ರೆಯಿಂದ ನೀಲಿ ನೊರೆ ಉಕ್ಕಿ, ನೆಲಕ್ಕಿಳಿದು, ಬಾಲ್ಕನಿಯ ಕಿಂಡಿಯಿಂದ ಕೆಳಗೆ ಸುರಿಯುತ್ತಿತ್ತು.

“ಏನೇನು ಹಾಕಿದೆ ಇದಕ್ಕೆ?”

“ಲಂಗ ಹತ್ತಿ, ಅದಕ್ಕೆ ಸೋಡಾದ ಬಣ್ಣ. ರವಿಕೆ ರೇಷ್ಮೆ, ಅದಕ್ಕೆ ವಿನಿಗರ್ ಬಣ್ಣ. ಎರಡೂ ನೀಲೀನೇ ತಾನೇ ಅಂತ ಒಂದರಲ್ಲೇ ಹಾಕಿದೆ.”

“ಎರಡೂ ನೀಲೀನೇ! ಸೋಡಾ, ವಿನಿಗರ್ ಒಂದನ್ನೊಂದು ತಿಂದುಹಾಕ್ತವೆ ಕಣೇ. ಮೂವತ್ತು ವರ್ಷ ಬಣ್ಣದ ಕಾರ್ಖಾನೇಲಿ ಕೈ ಅದ್ದಿದವನು ಕೆಳಗೇ ಇದ್ದೆ. ಒಂದು ಮಾತು ಕೇಳೋಕೆ ಬಾಯಿ ಬಿದ್ದುಹೋಗಿತ್ತಾ?”

ಅವಳು ಕೋಲಿನಿಂದ ಬಟ್ಟೆ ಎತ್ತಿದಳು. ಲಂಗ ಬೂದಿಯಂತಿತ್ತು, ರವಿಕೆಯ ತುಂಬ ಕಲೆ. ಅವಳ ಅಂಗಡಿ ಮುಚ್ಚಿ ನಾಲ್ಕು ತಿಂಗಳಾಗಿತ್ತು. ಮರುದಿನ ಒಂದು ಹೋಟೆಲಿನ ಹೊಲಿಗೆ ಕೋಣೆಯಲ್ಲಿ ಕೆಲಸಕ್ಕೆ ಸೇರಬೇಕಿತ್ತು. ಕಡುನೀಲಿ ಲಂಗ-ರವಿಕೆಯ ಉಡುಪಿಲ್ಲದೆ ಒಳಗೆ ಬಿಡುವುದಿಲ್ಲ ಎಂದು ಖಡಾಖಂಡಿತ ಹೇಳಿದ್ದರು. ಹೊಸದು ಕೊಳ್ಳುವ ತಾಕತ್ತಿಲ್ಲದೆ ಇದ್ದ ಹಳೆಯದಕ್ಕೇ ಬಣ್ಣ ಹಾಕಹೊರಟಿದ್ದಳು. ಜಗಳಕ್ಕೆಂದೇ ಹುಟ್ಟಿದ ಆ ಹೆಂಗಸು ಮೂಗೊರೆಸಿಕೊಂಡು ಎಲ್ಲ ಹೇಳಿಬಿಟ್ಟಳು.

“ಅಳೋದು ಆಮೇಲೆ. ಬಣ್ಣದ ಪುಡಿ ಉಳಿದಿದೆಯಾ? ಎರಡು ಪಾತ್ರೆ ತೆಗಿ. ಅಡುಗೆಯದು ಬೇಡ, ಬಣ್ಣ ಹಾಕಿದ್ಮೇಲೆ ಅದರಲ್ಲಿ ಬೇಯಿಸೋಕಾಗಲ್ಲ.”

ಹಾಳಾದ ನೀರು ಚೆಲ್ಲಿಸಿ, ಬಟ್ಟೆಗಳನ್ನು ನಾಲ್ಕು ಸಲ ಜಾಲಾಡಿಸಿದ. ಲಂಗವನ್ನು ಉಪ್ಪು, ಸೋಡಾ ಬೆರೆಸಿದ ಉಗುರುಬೆಚ್ಚನೆಯ ನೀಲಿಯಲ್ಲಿ ಮುಳುಗಿಸಿ ಮುಟ್ಟಬೇಡ ಎಂದ. ರವಿಕೆಯನ್ನು ವಿನಿಗರ್ ನೀಲಿಯಲ್ಲಿಟ್ಟು, ಕುದಿಯಲು ಬಿಡದೆ ಒಲೆಯ ಮುಂದೆ ತಾನೇ ಕುಕ್ಕರಗಾಲಲ್ಲಿ ಕೂತ. ಎರಡರಲ್ಲೂ ಒಂದೊಂದು ಚಿಂದಿ ಅದ್ದಿ, ಇಸ್ತ್ರಿಪೆಟ್ಟಿಗೆಯಿಂದ ಒಣಗಿಸಿ ನೋಡಿದ. “ಒದ್ದೆ ಬಟ್ಟೆ ಸುಳ್ಳು ಹೇಳುತ್ತೆ. ಒಣಗಿಸಿ ನೋಡದವನು ಬಣ್ಣಗಾರನೇ ಅಲ್ಲ.” ರೇಷ್ಮೆ ಒಂದು ಕೂದಲೆಳೆ ತಿಳಿಯಾಗಿತ್ತು. ಅವಳ ಡಬ್ಬಿಯಲ್ಲಿದ್ದ ಕಪ್ಪು ಬಣ್ಣದ ಪುಡಿ ಚಿಟಿಕೆ ಬೆರೆಸಿದ. ಅವನ ಬೆರಳುಗಳು ಮಗುವಿಗೆ ಬೊಟ್ಟಿಡುವ ಬೆರಳುಗಳಂತಿದ್ದವು. ಹನ್ನೊಂದು ವರ್ಷ ಈ ಬೆರಳುಗಳನ್ನು ನೋಡಲೇ ಇಲ್ಲವಲ್ಲ ಎಂದು ಅವಳಿಗನ್ನಿಸಿತು.

ಕೆಳಗೆ ಲಾರಿ ಎರಡು ಸಲ ಹಾರ್ನ್ ಹಾಕಿತು. “ಕಾಯಲಿ, ಬಾಡಿಗೆ ಕೊಡೋದು ನಾನು,” ಎಂದ. ಮೂರನೆಯ ಸಲಕ್ಕೆ ಚಾಲಕನನ್ನು ಕಿಟಕಿಯಿಂದಲೇ ಬೈದ.

ಕೊನೆಗೆ ಎರಡನ್ನೂ ತೊಳೆದು ಹಗ್ಗಕ್ಕೆ ಹಾಕಿದರು. ಒಣಗುತ್ತ ಬಂದಂತೆ ಒಂದೇ ತಾನಿನಿಂದ ಕತ್ತರಿಸಿದ ಹಾಗೆ ಕಂಡವು. ಬೈಗುಳ ನೂರು ಬರುತ್ತಿದ್ದ ಅವಳ ಬಾಯಿಗೆ ಉಪಕಾರ ನೆನೆಯುವ ಮಾತೊಂದು ಬಾರದೆ ಹೋಯಿತು. ಮುದುಕ ಕೈ ಒರೆಸಿಕೊಂಡು ಮೆಟ್ಟಿಲಿಳಿಯತೊಡಗಿದ.

“ಅಣ್ಣಾ!” ಅವಳು ಮೊದಲ ಸಲ ಹಾಗೆ ಕರೆದಳು. “ನಾಳೆ ನಾನು ಕೆಲಸಕ್ಕೆ ಹೋಗ್ತೀನಲ್ಲ, ಅದು ನಿಮ್ಮಿಂದ.”

“ಮೊದಲ ಒಗೆತ ಬೇರೆ ಬೇರೆ ಮಾಡು,” ಎಂದ, ತಿರುಗದೆ. “ಅದನ್ನೂ ಒಟ್ಟಿಗೆ ಹಾಕೀಯ, ಜೋಕೆ!”

ಕೊನೆಯ ಮೆಟ್ಟಿಲಲ್ಲಿ ಒಮ್ಮೆ ಕೆಮ್ಮಿ ಹೊರಗೆ ಹೋದ. ಮತ್ತೆ ಬರಲಿಲ್ಲ.