ತೊಂಬತ್ತನೆಯ ದಿನ ಶುಕ್ರವಾರ

ಗುರುವಾರ ಮುಂಜಾನೆ ಬೈಲಹೊಂಗಲದ ಪೇಟೆಯಲ್ಲಿ ಗೆಳತಿಯ ವಿಮಾನದ ಟಿಕೆಟ್ ಪ್ರಿಂಟ್ ತೆಗೆಸಲು ನಿಂತಿದ್ದ ಅನ್ನಪೂರ್ಣಾಳ ಎದೆಯನ್ನು ಕಂಪ್ಯೂಟರ್ ಅಂಗಡಿಯ ಶಿವಲಿಂಗ ಒಂದೇ ಮಾತಿಗೆ ಝಲ್ಲೆನಿಸಿಬಿಟ್ಟ.

"ಅಕ್ಕಾರ, ಟಿಕೀಟ ಶನಿವಾರದ್ದ ಐತಿ. ಬಂದ ತಾರೀಖಿನಿಂದ ಎಣಿಸಿದ್ರ ಇವರ ವೀಸಾದ ತೊಂಬತ್ತ ದಿನ ನಾಳೆ ಶುಕ್ರವಾರಕ್ಕ ಮುಗೀತಾವು!"

ಗೆಳತಿ, ಪೋಲಂಡಿನ ಯೂಲಿಯಾ, ಪ್ರವಾಸಿ ವೀಸಾದ ಮೇಲೆ ಇಲ್ಲಿ ಇರಬಹುದಾದದ್ದು ತೊಂಬತ್ತೇ ದಿನ. ಮುಂಬೈಯಲ್ಲಿ ಇಳಿದದ್ದು ಭಾನುವಾರ ರಾತ್ರಿ ಹನ್ನೊಂದೂವರೆಗೆ. ಊಟದ ಹೊತ್ತು ಮೀರಿ ಬಂದ ಬೀಗರನ್ನು ಮಾರನೆಯ ದಿನದ ಲೆಕ್ಕಕ್ಕೆ ಹಿಡಿಯುವ ಮನೆಯಲ್ಲಿ ಬೆಳೆದ ಅನ್ನಪೂರ್ಣಾ ಸೋಮವಾರದಿಂದ ಬೆರಳು ಮಡಚಿದ್ದಳು. ಸರ್ಕಾರಕ್ಕೆ ಅರ್ಧ ತಾಸೂ ಒಂದು ದಿನವೇ.

"ಒಂದ ದಿನ ಹೆಚ್ಚಾದ್ರ ಏನಾಗತೈತಿ?"

"ದಂಡ ಹಾಕಬಹುದು. ಮುಂದ ವೀಸಾ ಕೊಡಾಕ ತಕರಾರ ತಗೀಬಹುದು."

ಮುಂದೆ ಎಂಬ ಮಾತಿಗೇ ಅನ್ನಪೂರ್ಣಾ ಹೆದರಿದಳು. ಕಿತ್ತೂರಿನ ಕೋಟೆ ನೋಡಿ ಬರುವಾಗ ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತ ಯೂಲಿಯಾ, ಮನೆಯ ಅಜ್ಜಿ, ಆಯಿ, ಹಳೆ ಸೀರೆ ಜೋಡಿಸಿ ಹೊಲಿಯುವ ಕೌದಿ ನೋಡಲು ಎರಡು ದಿನಕ್ಕೆಂದು ಬಂದು ಮೂರು ವಾರ ಉಳಿದಿದ್ದಳು. ಆಯಿಯ ಕಥೆಗಳೊಳಗಿನ ಏಳು ಸಮುದ್ರದಾಚೆಯ ರಾಜಕುಮಾರಿ ನಡುಮನೆಯಲ್ಲಿ ಕುಳಿತು ಸೂಜಿಗೆ ದಾರ ಪೋಣಿಸುತ್ತಿದ್ದಳಲ್ಲ! ಅವಳು ಮತ್ತೆ ಬರಲೇಬೇಕು.

ಶಿವಲಿಂಗ ಟಿಕೆಟ್ ಬದಲಿಸಿದ. ಶುಕ್ರವಾರ ಮಧ್ಯಾಹ್ನ ಬೆಳಗಾವಿಯಿಂದ ಮುಂಬೈಗೆ, ಸಂಜೆ ಮುಂಬೈಯಿಂದ ಪೋಲಂಡಿಗೆ. ತನ್ನ ಕಾರಿನಲ್ಲೇ ಬಿಟ್ಟು ಬರುತ್ತೇನೆಂದೂ ಒಪ್ಪಿದ.

ಒಪ್ಪದವಳು ಆಯಿ ಸೋಮವ್ವ. "ಶುಕ್ರವಾರ ಮನಿ ಮಗಳನ್ನ ಕಳಸೂದು? ಆಗೂದುಲ್ಲ ತಗಿ!"

"ಆಯೀ, ಅಕಿ ಮಗಳಲ್ಲ, ಪ್ರವಾಸಿ!"

"ಮೂರ ವಾರ ನನ್ನ ಕೈ ರೊಟ್ಟಿ ತಿಂದಾಳ. ಎಲ್ಲಿ ಪ್ರವಾಸಿ?"

"ನಿನ್ನ ಶುಕ್ರವಾರ ದಿಲ್ಲಿಯವರಿಗೆ ಗೊತ್ತಿಲ್ಲ. ನಾಳೆ ಹೋಗದಿದ್ರ ಇನ್ನೊಮ್ಮೆ ಬರಾಕ ಬಿಡೂದುಲ್ಲ ಅವರು!"

ಸೋಮವ್ವ ಯೂಲಿಯಾಳ ಮುಖ ನೋಡಿದಳು. ತಟ್ಟನೆ ಎದ್ದಳು. "ಹಂಗಾದ್ರ ಇವತ್ತ ಪರಸ್ಥಾನ ಇಡೂಣು!"

ಒಳ್ಳೆಯ ದಿನ ಚೀಲವನ್ನು ಹೊಸ್ತಿಲು ದಾಟಿಸಿ ನೆರೆಮನೆಯಲ್ಲಿಟ್ಟರೆ ಪಯಣ ಅವತ್ತೇ ಶುರುವಾದಂತೆ. ಆಮೇಲೆ ಯಾವ ವಾರ ಹೊರಟರೂ ದೋಷವಿಲ್ಲ. ಅಕ್ಕಿ, ಕೊಬ್ಬರಿ, ರವಿಕೆಗೆಂದು ಕೊಡುವ ಕುಬಸದ ಕಣದಿಂದ ಯೂಲಿಯಾಳ ಉಡಿ ತುಂಬಿತು. ಅವಳ ಚೀಲ ಮೆರವಣಿಗೆಯಂತೆ ಎದುರುಮನೆಯ ತಂಗೆವ್ವನಲ್ಲಿಗೆ ಹೋಯಿತು.

ಶುಕ್ರವಾರ ಹತ್ತೂವರೆಗೆ ಶಿವಲಿಂಗನ ಕಾರು ಬಂತು. ಚೀಲ ತರಲು ಹೋದರೆ ತಂಗೆವ್ವನ ಬಾಗಿಲಿಗೆ ಕೀಲಿ!

"ಪಾಸ್‌ಪೋರ್ಟ್..." ಎಂದಳು ಯೂಲಿಯಾ, ಆ ಬಾಗಿಲನ್ನೇ ನೋಡುತ್ತ. ಅದೂ ಚೀಲದಲ್ಲೇ ಇತ್ತು.

ಅನ್ನಪೂರ್ಣಾ ಫೋನು ಹಚ್ಚಿದಳು. ಆಚೆಯಿಂದ ಬಸ್ಸಿನ ಗದ್ದಲ.

"ಮುರಗೋಡ ಮಠಕ್ಕ ಹೊಂಟೇನವಾ. ಚೀಲಾ? ನನ್ನ ತೊಡಿ ಮ್ಯಾಲ ಐತಿ! ಪರಸ್ಥಾನದ ಚೀಲ ಖಾಲಿ ಮನ್ಯಾಗ ಬಿಡಬಾರದಂತ ಸಂಗಾಟ ತಂದೇನಿ."

"ದೊಡ್ಡವ್ವಾ, ಅಕಿ ಬೆಳಗಾವಿಗೆ, ನೀವು ಅಕಿ ಚೀಲಾ ಮುರಗೋಡಕ್ಕ! ಅಲ್ಲೇ ಇಳೀರಿ!"

ಕಾರು ಹಾರಿತು. ಕಬ್ಬಿನ ಹೊಲಗಳು ಹಿಂದೆ ಓಡಿದವು. ಯೂಲಿಯಾ ಅಳುತ್ತಾಳೇನೋ ಎಂದು ತಿರುಗಿದರೆ ಬಿದ್ದು ಬಿದ್ದು ನಗುತ್ತಿದ್ದಳು. ರಸ್ತೆಯಂಚಿನ ಬೇವಿನ ಕೆಳಗೆ, ಚೀಲದ ಮೇಲೆಯೇ ಠೀವಿಯಿಂದ ಕುಳಿತಿದ್ದಳು ತಂಗೆವ್ವ.

"ಇಷ್ಟ್ಯಾಕ ಅವಸರ? ಚೀಲ ನಿನ್ನೇನ ಹೊಂಟೈತಲ್ಲ!"

ಅನ್ನಪೂರ್ಣಾ ಅವಳನ್ನು ಎಬ್ಬಿಸಿ ಚೀಲ ಕಾರಿಗೆ ಹಾಕಿದಳು. ಕಾರು ತಿರುಗಿತು. ಬೆಳಗಾವಿಯ ವಿಮಾನ ಕೂದಲೆಳೆಯ ಅಂತರದಲ್ಲಿ ಸಿಕ್ಕಿತು.

ಸಂಜೆ ಮುಂಬೈಯಿಂದ ಫೋನು ಬಂತು. ಅಧಿಕಾರಿ ತಾರೀಖು ನೋಡಿದ, ಠಪ್ಪೆಂದು ಮುದ್ರೆ ಒತ್ತಿದ, ತಕರಾರೇ ಇಲ್ಲ!

ಅನ್ನಪೂರ್ಣಾ ಕೂಗಿಕೊಂಡೇ ಅಂಗಳಕ್ಕೆ ಓಡಿದಳು. "ಆಯೀ, ದಾಟಿದ್ಲು! ಇನ್ನ ಬರಾಕ ಏನೂ ಅಡ್ಡಿ ಇಲ್ಲ!"

"ಬರಲಿ, ಬರಲಿ," ಎಂದು ಸೋಮವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಎದುರುಕಟ್ಟೆಯಿಂದ ತಂಗೆವ್ವ ದನಿ ಏರಿಸಿದಳು: "ಬಂದ್ರ ತೊಂಬತ್ತರಾಗ ನಲವತ್ತೈದು ದಿನ ನಮ್ಮ ಮನ್ಯಾಗ, ಈಗ ಹೇಳಿರತೇನಿ!"

"ಹತ್ತ ದಿನ ಕೊಡತೇನಿ ತಗೋ!" ಎಂದಳು ಸೋಮವ್ವ.